ಕೆರೆಯೊಳಗೆ ಮನೆ ತೋರಿಸಿದ ಲೆಕ್ಕ

"ಕೆರ್ಯಾಗ ಯಾರರ ಮನಿ ಕಟ್ತಾರೇನಪಾ ತಮ್ಮಾ? ನಾನೇನು ಮೀನೇನು?"

ಕೈಯಲ್ಲಿ ಕಾಗದ ಹಿಡಿದುಕೊಂಡು ಆ ಅಜ್ಜಿ ಹೀಗೆ ಕೇಳಿದಾಗ ನಾವು ಮೊದಲು ನಕ್ಕುಬಿಟ್ಟೆವು. ಕಾಗದ ಓದಿದ ಮೇಲೆ ನಗು ನಿಂತಿತು. ಮಳೆಗೆ ಅವರ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದರು. ಯಾರೋ ಬಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿದ್ದರು. ಎರಡು ತಿಂಗಳಾದ ಮೇಲೆ ಕಚೇರಿಯಿಂದ ಬಂದ ಷರಾ ಒಂದೇ ಸಾಲು: ‘ನಮೂದಿಸಿದ ಸ್ಥಳದಲ್ಲಿ ಮನೆ ಇರುವುದಿಲ್ಲ, ಸದರಿ ಸ್ಥಳ ಕೆರೆ ಅಂಗಳ.’

ಅಜ್ಜಿಯ ಮನೆ ಊರಿನ ಬಡಗಣ ಕೇರಿಯಲ್ಲಿದೆ. ಕೆರೆ ಇರುವುದು ತೆಂಕಣ ದಿಕ್ಕಿಗೆ. ನಡುವೆ ಇಡೀ ಊರೇ ಇದೆ. ಮನೆ ಅಲ್ಲಿಗೆ ಹೋಗಿದ್ದು ಹೇಗೆ?

ನಾವು ಮೊದಲು ಅಂದುಕೊಂಡದ್ದು ಎಲ್ಲರೂ ಅಂದುಕೊಳ್ಳುವುದನ್ನೇ. ಯಾರೋ ದುಡ್ಡು ಕೇಳಿರಬೇಕು, ಕೊಡದಿದ್ದಕ್ಕೆ ಹೀಗೆ ಬರೆದಿರಬೇಕು. ಆ ಕೋನದಲ್ಲಿ ಸುದ್ದಿ ಹುಡುಕಿಕೊಂಡು ಹೋದೆವು. ಅದೇ ಕೇರಿಯ ಇನ್ನೂ ಏಳೆಂಟು ಮನೆಗಳಿಗೆ ಅದೇ ಷರಾ ಬಂದಿತ್ತು. ಊರ ನಡುವಿನ ಯಾವ ಮನೆಗೂ ಬಂದಿರಲಿಲ್ಲ. ಆಗ ನಮ್ಮ ಅನುಮಾನ ಇನ್ನೂ ಗಟ್ಟಿಯಾಯಿತು. ಕೇರಿಯವರನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ತಲೆಬರಹವನ್ನೂ ಮನಸ್ಸಿನಲ್ಲೇ ಬರೆದುಕೊಂಡೆವು.

ಆ ತಲೆಬರಹ ಅಚ್ಚಾಗದೇ ಇದ್ದದ್ದು ಒಳ್ಳೆಯದಾಯಿತು. ಕಳ್ಳ ಸಿಕ್ಕಿದ. ಅವನು ಮನುಷ್ಯನಲ್ಲ, ಒಂದು ಕಳೆಯುವ ಲೆಕ್ಕ. ‘ಮೂರರಿಂದ ಕಳೆ’ ಎಂದು ಬರೆಯಬೇಕಾದ ಕಡೆ ಬರೆದಿರಲಿಲ್ಲ, ಅಷ್ಟೇ.

ಆ ಒಂದು ಕಳೆಯುವಿಕೆಯ ಬಗ್ಗೆ ಈ ಲೇಖನ. ಇನ್ನು ಮುಂದೆ ನಮ್ಮ ಮನೆ, ಹೊಲ, ಬೆಳೆ, ಬಿದ್ದ ಗೋಡೆ ಎಲ್ಲವೂ ಒಂದಲ್ಲ ಒಂದು ಚೌಕದ ಸಂಖ್ಯೆಯಾಗಿ ಯಾವುದಾದರೂ ಕಂಪ್ಯೂಟರಿನಲ್ಲಿ ಕೂರುತ್ತವೆ. ಆ ಸಂಖ್ಯೆ ಹೇಗೆ ಬಂತು ಎಂದು ಊರಿನಲ್ಲಿ ನಾಲ್ಕು ಜನಕ್ಕಾದರೂ ಗೊತ್ತಿರಬೇಕು ಎನ್ನುವುದು ನಮ್ಮ ವಾದ.

ಚೌಕದೊಳಗೆ ಚೌಕ

ಕಚೇರಿಯಲ್ಲಿ ಮಾಡಿದ್ದು ಇಷ್ಟು. ತಾಲ್ಲೂಕಿನ ನಕ್ಷೆಯನ್ನು ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ದೊಡ್ಡ ಚೌಕಗಳಾಗಿ ಹಂಚಿದರು. ಒಂದೊಂದು ದೊಡ್ಡ ಚೌಕವನ್ನು ಮತ್ತೆ ನಾಲ್ಕು ಸಾಲು, ನಾಲ್ಕು ಕಂಬ ಮಾಡಿ 16 ಒಳಚೌಕ ಮಾಡಿದರು. ಒಂದು ಒಳಚೌಕಕ್ಕೆ 250 ಮೀಟರ್ ಬದಿ. ಮೇಲಿನ ಸಾಲಿಗೆ 1, 2, 3, 4. ಅದರ ಕೆಳಗೆ 5ರಿಂದ 8. ಹೀಗೆ ಕೊನೆಯ ಸಾಲಿಗೆ 13ರಿಂದ 16. ನಕ್ಷೆಯ ಮೇಲೆ ಹೀಗೆ ಮುದ್ರಿಸಿದ್ದರು. ಚೌಕಾಬಾರದ ಮನೆಗಳನ್ನು ನೆನಪಿಸಿಕೊಳ್ಳಿ, ಆದರೆ ಐದೈದಲ್ಲ, ನಾಲ್ಕು ನಾಲ್ಕು.

ಫೋಟೊ ತೆಗೆದಾಗ ಮೊಬೈಲ್ ಕೊಟ್ಟ ಅಕ್ಷಾಂಶ ರೇಖಾಂಶಗಳನ್ನು ಮೀಟರಿಗೆ ಇಳಿಸಿ, ಪೈಥಾನ್ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಮಿಗೆ ಕೊಟ್ಟರು. ಅದು ಪ್ರತಿ ಮನೆಗೂ ಇಂಥ ದೊಡ್ಡ ಚೌಕ, ಇಂಥ ಒಳಚೌಕ ಎಂದು ಪಟ್ಟಿ ಮಾಡಿಕೊಟ್ಟಿತು. ಪರಿಶೀಲನೆಗೆ ಕೂತವರು ಪಟ್ಟಿಯನ್ನೂ ನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರು. ಅಜ್ಜಿಯ ಮನೆಗೆ 14ನೇ ಒಳಚೌಕ ಬಂದಿತ್ತು. ನಕ್ಷೆಯಲ್ಲಿ 14 ಎಂದರೆ ಕೆರೆ. ಷರಾ ಬರೆದರು. ಅವರ ಮಟ್ಟಿಗೆ ಅವರದೂ ಸರಿಯೇ.

ಈ ಲೆಕ್ಕ ಕಂಪ್ಯೂಟರಿನವರ ಗುಟ್ಟೇನಲ್ಲ. ಪಹಣಿ ಓದುವ ಪ್ರತಿ ರೈತನಿಗೂ ಗೊತ್ತಿರುವುದೇ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಅಣ್ಣತಮ್ಮಂದಿರ ಹೊಲವೆಲ್ಲ ಕೂಡಿಸಿದರೆ 137 ಗುಂಟೆ ಬಂತು ಅನ್ನಿ. ಎಷ್ಟು ಎಕರೆ? 137ರಲ್ಲಿ 40 ಮೂರು ಸಲ ಹೋಗುತ್ತದೆ, 17 ಉಳಿಯುತ್ತದೆ. ಮೂರು ಎಕರೆ ಹದಿನೇಳು ಗುಂಟೆ. ಭಾಗಲಬ್ಧ ದೊಡ್ಡ ಅಳತೆ, ಶೇಷ ಸಣ್ಣ ಅಳತೆ.

ಪೈಥಾನ್‌ನಲ್ಲಿ ಇದನ್ನೇ 137 // 40 ಎಂದು ಬರೆದರೆ 3 ಬರುತ್ತದೆ, 137 % 40 ಎಂದು ಬರೆದರೆ 17 ಬರುತ್ತದೆ. ಇಲ್ಲಿ ಆ ಶೇಕಡಾ ಚಿಹ್ನೆಗೂ ಶೇಕಡಾ ಲೆಕ್ಕಕ್ಕೂ ಸಂಬಂಧವಿಲ್ಲ, ಅದು ಶೇಷ ಕೊಡುವ ಗುರುತು. ಎರಡೂ ಒಟ್ಟಿಗೆ ಬೇಕಾದರೆ ಡಿವ್‌ಮಾಡ್ ಎಂಬ ಒಂದೇ ಆಜ್ಞೆ ಸಾಕು. 137 ಮತ್ತು 40 ಕೊಟ್ಟರೆ 3 ಮತ್ತು 17 ಜೋಡಿಯಾಗಿ ಬರುತ್ತವೆ.

ಈಗ ಅಜ್ಜಿಯ ಮನೆ. ನಕ್ಷೆಯ ನೈರುತ್ಯ ಮೂಲೆಯಿಂದ, ಅಂದರೆ ಕೆಳಗಿನ ಎಡ ಮೂಲೆಯಿಂದ, ಆ ಮನೆ ಪೂರ್ವಕ್ಕೆ 2300 ಮೀಟರ್, ಉತ್ತರಕ್ಕೆ 4900 ಮೀಟರ್. 2300ನ್ನು 1000ದಿಂದ ಭಾಗಿಸಿದರೆ 2, ಉಳಿದದ್ದು 300. ಆ 300ನ್ನು 250ರಿಂದ ಭಾಗಿಸಿದರೆ 1. ಪೈಥಾನ್ ಎಣಿಕೆ ಸೊನ್ನೆಯಿಂದ ಶುರು. ಹಾಗಾಗಿ 1 ಎಂದರೆ ಎಡದಿಂದ ಎರಡನೇ ಕಂಬ. ಇಲ್ಲಿಯವರೆಗೆ ಸರಿ.

4900ನ್ನು 1000ದಿಂದ ಭಾಗಿಸಿದರೆ 4, ಉಳಿದದ್ದು 900. 900ರಲ್ಲಿ 250 ಮೂರು ಸಲ ಹೋಗುತ್ತದೆ. ಅಂದರೆ ಸಾಲು 3. ಸೊನ್ನೆಯಿಂದ ಎಣಿಸಿದರೆ ನಾಲ್ಕನೇ ಸಾಲು. ಎಲ್ಲಿಂದ ನಾಲ್ಕನೇ ಸಾಲು? ಉತ್ತರಕ್ಕೆ ಹೋದಷ್ಟೂ ಈ ಅಳತೆ ಹೆಚ್ಚುವುದರಿಂದ ಅದು ಕೆಳಗಿನಿಂದ ನಾಲ್ಕನೇ ಸಾಲು, ಅಂದರೆ ಎಲ್ಲಕ್ಕಿಂತ ಮೇಲಿನದು. ಮುದ್ರಿಸಿದ ನಕ್ಷೆಯಲ್ಲಿ ಎಣಿಕೆ ಮೇಲಿನಿಂದ. ಅಲ್ಲಿ ನಾಲ್ಕನೇ ಸಾಲು ಎಂದರೆ ಎಲ್ಲಕ್ಕಿಂತ ಕೆಳಗಿನದು.

ಮೂರರಿಂದ ಮೂರು ಕಳೆದಿದ್ದರೆ ಸೊನ್ನೆ ಬಂದು ಅಜ್ಜಿಯ ಮನೆ 2ನೇ ಒಳಚೌಕದಲ್ಲಿ ಕೂರುತ್ತಿತ್ತು. ಕಳೆಯಲಿಲ್ಲ. ಮೂರು ಸಾಲು ದಾಟಿ 14ಕ್ಕೆ ಹೋಯಿತು. 750 ಮೀಟರ್ ತೆಂಕಣಕ್ಕೆ, ಸೀದಾ ನೀರಿಗೆ.

ಅಂಚಿನವರೇ ಯಾಕೆ ಮುಳುಗಿದರು

ಈ ತಪ್ಪನ್ನು ನಮಗೆ ಹಿಡಿದುಕೊಟ್ಟವನು ಅದೇ ಊರಿನ ಎಂಜಿನಿಯರಿಂಗ್ ಓದುವ ಹುಡುಗ. ಲ್ಯಾಪ್‌ಟಾಪ್ ಇರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ತನ್ನ ಫೋನಿನಲ್ಲೇ ಪೈಥಾನ್ ತೆಗೆದು ಇದೇ ಲೆಕ್ಕ ಹಾಕಿದ. ಮೊದಲ ಸಲ 2 ಬಂತು, ಕಚೇರಿಯ ಪಟ್ಟಿಯಲ್ಲಿ 14 ಇತ್ತು. ಕಳೆಯುವ ಭಾಗ ತೆಗೆದು ಮತ್ತೆ ಹಾಕಿದ, 14 ಬಂತು. "ನೋಡ್ರಿ ಅಣ್ಣಾರ, ಕೆರಿ ಸಿಕ್ತು" ಅಂದ.

ನಮ್ಮನ್ನು ಹೆಚ್ಚು ಕಾಡಿದ್ದು ಅವನ ಮುಂದಿನ ಮಾತು. ತಪ್ಪು ಕೇರಿಯ ಮನೆಗಳಿಗೆ ಮಾತ್ರ ಆಗಿರಲಿಲ್ಲ. ಪಟ್ಟಿಯಲ್ಲಿದ್ದ ಎಲ್ಲ ಮನೆಗಳೂ ತಲೆಕೆಳಗಾಗಿದ್ದವು. ಆದರೆ ಊರ ನಡುವಿನ ಮನೆಗಳು ಎರಡನೇ ಮತ್ತು ಮೂರನೇ ಸಾಲಿನಲ್ಲಿದ್ದವು. ಎರಡು ಮೂರಾಯಿತು, ಮೂರು ಎರಡಾಯಿತು. 250 ಮೀಟರ್ ಸರಿದರೂ ಅವು ಮತ್ತೆ ಊರೊಳಗೇ ಬಿದ್ದವು. ಪರಿಶೀಲಿಸುವವರು ನಕ್ಷೆಯಲ್ಲಿ ನೋಡಿದಾಗ ಅಲ್ಲಿ ಮನೆಗಳಿದ್ದವು, ಸಹಿ ಹಾಕಿದರು. ಅಂಚಿನ ಕೇರಿಯ ತಪ್ಪು ಮಾತ್ರ ಕೆರೆಗೆ ಬಿತ್ತು.

ಯಾರೂ ಬೇಕೆಂದು ಮಾಡಲಿಲ್ಲ. ಆದರೂ ಪೆಟ್ಟು ಬಿದ್ದದ್ದು ಎಂದಿನಂತೆ ಯಾರಿಗೆ ಬೀಳಬೇಕೋ ಅವರಿಗೇ. ನಮ್ಮ ಊರುಗಳಲ್ಲಿ ಅಂಚಿನಲ್ಲಿ ಯಾರ ಮನೆಗಳಿರುತ್ತವೆ ಎಂದು ನಾವು ನಿಮಗೆ ಹೇಳಬೇಕಾಗಿಲ್ಲ. ಲೆಕ್ಕಕ್ಕೆ ಜಾತಿಯಿಲ್ಲ ಎನ್ನುತ್ತಾರೆ, ನಿಜ. ಆದರೆ ಲೆಕ್ಕ ತಪ್ಪಿದಾಗ ಆ ತಪ್ಪು ಬಂದು ಬೀಳುವ ನೆಲಕ್ಕೆ ಜಾತಿಯಿದೆ, ಬಡತನವಿದೆ. ಅಂಚಿನಲ್ಲಿರುವವನಿಗೆ ಸರಿಯಲು ಜಾಗವಿಲ್ಲ.

ಇದೇ ಕಾರಣಕ್ಕೆ ನಾವು ‘ಸಣ್ಣ ತಾಂತ್ರಿಕ ದೋಷ’ ಎಂಬ ಮಾತನ್ನು ಒಪ್ಪುವುದಿಲ್ಲ. ಮರುಪರಿಶೀಲನೆ ಆಯಿತು, ಹಣವೂ ಬಂತು. ಅಷ್ಟರಲ್ಲಿ ಅಜ್ಜಿ ಬಡ್ಡಿಗೆ ಸಾಲ ತಂದು ಗೋಡೆ ಎಬ್ಬಿಸಿದ್ದರು. ಆ ಬಡ್ಡಿಯನ್ನು ಯಾವ ಪ್ರೋಗ್ರಾಮೂ ತುಂಬಿಕೊಡಲಿಲ್ಲ.

ಇಡೀ ದೇಶವೇ ಈಗ ಚೌಕ

ಒಂದು ಊರಿನ ಕಥೆಯನ್ನು ಇಷ್ಟು ಉದ್ದ ಯಾಕೆ ಹೇಳಿದೆವೆಂದರೆ, ಇದೇ ಚೌಕದ ಲೆಕ್ಕ ಈಗ ಇಡೀ ದೇಶಕ್ಕೆ ಬಂದಿದೆ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ವಿಳಾಸ ಪದ್ಧತಿಯನ್ನು ಹೊರತಂದಿತು. ಹೈದರಾಬಾದ್ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಮಾಡಿದ್ದು. ನಮಗೆ ಗೊತ್ತಿರುವ ಆರಂಕಿಯ ಪಿನ್ ಕೋಡ್ 1972ರಿಂದ ಇದೆ, ಅದು ಹೋಗುವುದಿಲ್ಲ. ಪಿನ್ ಕೋಡ್ ಅಂಚೆ ಕಚೇರಿಯವರೆಗೆ ತಲುಪಿಸುತ್ತದೆ. ಡಿಜಿಪಿನ್ ಬಾಗಿಲವರೆಗೆ ತಲುಪಿಸಲು ಹೊರಟಿದೆ.

ಕೆಲಸ ಮಾಡುವ ರೀತಿ ಅಜ್ಜಿಯ ಊರಿನದ್ದೇ, ಹತ್ತು ಸಲ. ಉತ್ತರ ಅಕ್ಷಾಂಶ 2.5 ಡಿಗ್ರಿಯಿಂದ 38.5ರವರೆಗೆ, ಪೂರ್ವ ರೇಖಾಂಶ 63.5ರಿಂದ 99.5ರವರೆಗೆ ಒಂದು ದೊಡ್ಡ ಚೌಕ. ಭಾರತವೆಲ್ಲ ಅದರೊಳಗೆ. ಅದನ್ನು ನಾಲ್ಕು ಸಾಲು ನಾಲ್ಕು ಕಂಬ ಮಾಡಿದರೆ 16 ಚೌಕ. ಒಂದೊಂದಕ್ಕೂ ಒಂದು ಗುರುತು. ನಿಮ್ಮ ಮನೆ ಬಿದ್ದ ಚೌಕವನ್ನು ಮತ್ತೆ 16 ಮಾಡಿ, ಮತ್ತೊಂದು ಗುರುತು. ಹೀಗೆ ಹತ್ತು ಸಲ ಮಾಡಿದರೆ ಹತ್ತು ಗುರುತು. ಕೊನೆಯ ಚೌಕದ ಬದಿ ಸುಮಾರು 3.8 ಮೀಟರ್. ಒಂದು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗ.

ಗುರುತುಗಳ ಸಾಲು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹೀಗಿದೆ.

ಎಫ್, ಸಿ, 9, 8
ಜೆ, 3, 2, 7
ಕೆ, 4, 5, 6
ಎಲ್, ಎಂ, ಪಿ, ಟಿ

ಕಾಗದದ ಮೇಲೆ ಬರೆದುಕೊಂಡು 2ರಿಂದ ಶುರುಮಾಡಿ 3, 4, 5 ಎಂದು ಬೆರಳಿಟ್ಟುಕೊಂಡು ಹೋಗಿ. ಜಿಲೇಬಿ ಸುತ್ತಿದ ಹಾಗೆ ಒಳಗಿನಿಂದ ಹೊರಕ್ಕೆ ಬರುತ್ತೀರಿ. ಸೊನ್ನೆ, ಒಂದು, ಇಂಗ್ಲಿಷಿನ ಓ, ಐ ಯಾವುವೂ ಇಲ್ಲ. ನೋಡಲು ಒಂದೇ ಥರ ಇರುವವನ್ನು ಸೇರಿಸಿಲ್ಲ.

ನಮ್ಮ ಕಡೆಯದೊಂದು ಉದಾಹರಣೆ. ಕೊಪ್ಪಳ ಪಟ್ಟಣದ ಆಸುಪಾಸು ಅಕ್ಷಾಂಶ 15.35, ರೇಖಾಂಶ 76.15. ಅಕ್ಷಾಂಶದಿಂದ 2.5 ಕಳೆದರೆ 12.85. ಒಂದು ಚೌಕಕ್ಕೆ 9 ಡಿಗ್ರಿ, ಆದ್ದರಿಂದ 9ರಿಂದ ಭಾಗಿಸಿದರೆ 1, ಉಳಿದದ್ದು 3.85. ಮೂರರಿಂದ ಒಂದು ಕಳೆದರೆ 2, ಸೊನ್ನೆಯಿಂದ ಎಣಿಸಿದರೆ ಮೇಲಿನಿಂದ ಮೂರನೇ ಸಾಲು. ರೇಖಾಂಶದಿಂದ 63.5 ಕಳೆದರೆ 12.65. ಭಾಗಿಸಿದರೆ 1, ಉಳಿದದ್ದು 3.65. ಎಡದಿಂದ ಎರಡನೇ ಕಂಬ. ಅಲ್ಲಿರುವ ಗುರುತು 4. ಈಗ ಉಳಿದದ್ದನ್ನು 9ರ ಕಾಲು ಭಾಗವಾದ 2.25ರಿಂದ ಭಾಗಿಸಿ. ಎರಡೂ ಕಡೆ 1 ಬರುತ್ತದೆ, ಮತ್ತೆ 4. ಮುಂದಿನದು 2. ಅಂದರೆ ಕೊಪ್ಪಳ 442ರಿಂದ ಶುರು. ಪೈಥಾನ್ ಬೇಡ, ಪೆನ್ಸಿಲ್ ಸಾಕು.

ಕರ್ನಾಟಕ ಹೆಚ್ಚುಕಡಿಮೆ ಪೂರ್ತಿ ಮೊದಲ ಗುರುತು 4ರೊಳಗೇ ಬರುತ್ತದೆ. ಎರಡನೇ ಗುರುತಿನಲ್ಲಿ ಒಡೆಯುತ್ತದೆ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ 44. ಕಲಬುರಗಿ, ವಿಜಯಪುರ 43. ಬೀದರ್, ರಾಯಚೂರು 42. ಬೆಳಗಾವಿ, ಕಾರವಾರ 4ಕೆ. ಮೈಸೂರು, ಹಾಸನ, ಮಂಗಳೂರು 4ಎಂ. ಬೆಂಗಳೂರು, ಕೋಲಾರ, ತುಮಕೂರು 4ಪಿ.

ಈಗ ‘ಮೂರರಿಂದ ಕಳೆ’ ಎನ್ನುವುದನ್ನು ಇಲ್ಲಿಯೂ ಮರೆತುನೋಡಿ. ಕೊಪ್ಪಳದ ಮೊದಲ ಗುರುತು 4ರ ಬದಲು 3 ಆಗುತ್ತದೆ. 3ರ ಚೌಕ ಎಂದರೆ ದೆಹಲಿ, ರಾಜಸ್ಥಾನದ ಕಡೆ. ದೆಹಲಿಯ ಅಂಚೆ ಭವನದ ಡಿಜಿಪಿನ್ ಶುರುವಾಗುವುದೂ 3ರಿಂದಲೇ. ಅಜ್ಜಿಯ ಮನೆ 750 ಮೀಟರ್ ಸರಿದಿತ್ತು. ಇಲ್ಲಿ ಅದೇ ತಪ್ಪಿಗೆ ಸಾವಿರ ಕಿಲೋಮೀಟರ್. ಸಾವಿರ ಕಿಲೋಮೀಟರ್ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಭಯ ಇರುವುದು 250 ಮೀಟರಿನ ತಪ್ಪಿನದು. ಅದನ್ನು ಯಾರೂ ಹಿಡಿಯುವುದಿಲ್ಲ.

ಒಬ್ಬೊಬ್ಬರದು ಒಂದೊಂದು ಎಣಿಕೆ

ಎಣಿಕೆ ಎಲ್ಲರಿಗೂ ಒಂದೇ ತಾನೇ ಎಂದು ನೀವು ಕೇಳಬಹುದು. ಅಲ್ಲ. ಹಳೆಯ ಸರ್ವೆ ಆಫ್ ಇಂಡಿಯಾ ಟೊಪೊಶೀಟುಗಳನ್ನೇ ನೋಡಿ. ಅವೂ ಚೌಕದೊಳಗಿನ ಚೌಕಗಳೇ. ನಾಲ್ಕು ಡಿಗ್ರಿಯ ಒಂದು ಹಾಳೆಗೆ 57 ಎಂಬ ಸಂಖ್ಯೆ. ಅದನ್ನು ಒಂದೊಂದು ಡಿಗ್ರಿಯ 16 ಭಾಗ ಮಾಡಿ ಎಯಿಂದ ಪಿವರೆಗೆ ಅಕ್ಷರ. ಅದನ್ನು ಮತ್ತೆ 15 ನಿಮಿಷದ 16 ಭಾಗ ಮಾಡಿ 1ರಿಂದ 16. ಬೆಂಗಳೂರಿನ ಒಂದು ಭಾಗ 57 ಎಚ್/9 ಹಾಳೆಯಲ್ಲಿದೆ. ಅಲ್ಲಿ ಎಣಿಕೆ ಮೇಲಿನಿಂದ ಕೆಳಕ್ಕೆ ಇಳಿದು, ಮತ್ತೆ ಪಕ್ಕದ ಕಂಬದ ಮೇಲಿನಿಂದ ಶುರುವಾಗುತ್ತದೆ. ನಮ್ಮ ಕಚೇರಿಯ ನಕ್ಷೆ ಎಡದಿಂದ ಬಲಕ್ಕೆ ಎಣಿಸಿತ್ತು. ಡಿಜಿಪಿನ್ ಜಿಲೇಬಿ ಸುತ್ತುತ್ತದೆ. ಮೂರೂ 16 ಚೌಕಗಳೇ, ಮೂರೂ ಸರಿ. ಒಂದರ ಸಂಖ್ಯೆಯನ್ನು ಇನ್ನೊಂದರ ನಕ್ಷೆಯಲ್ಲಿ ಹುಡುಕಿದರೆ ಮಾತ್ರ ಅನಾಹುತ.

ಸೊನ್ನೆಯಿಂದಲೋ ಒಂದರಿಂದಲೋ ಎನ್ನುವುದು ಇನ್ನೊಂದು ಗುಂಡಿ. ಎಂಟನೇ ಕಂಬ ಎಂದು ಮನುಷ್ಯ ಬರೆದದ್ದನ್ನು ಹಾಗೇ 4ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ ಸೊನ್ನೆ. ಸೊನ್ನೆಯನೇ ಕಂಬ ಎಂಬುದಿಲ್ಲ. ಮೊದಲು ಒಂದು ಕಳೆದು 7 ಮಾಡಿಕೊಳ್ಳಬೇಕು. 7ರಲ್ಲಿ 4 ಒಂದು ಸಲ, ಉಳಿದದ್ದು 3. ಎರಡಕ್ಕೂ ಒಂದೊಂದು ಕೂಡಿಸಿದರೆ ಎರಡನೇ ದೊಡ್ಡ ಚೌಕದ ನಾಲ್ಕನೇ ಕಂಬ. ಸರಿಯಾಯಿತು.

ಮೂರನೆಯದು ನಮ್ಮ ಪಹಣಿಯದೇ ಪಾಠ. 3.17 ಎಂದು ಬರೆದದ್ದು ಮೂರು ಎಕರೆ ಹದಿನೇಳು ಗುಂಟೆ. ಅದನ್ನು ದಶಾಂಶ ಅಂದುಕೊಂಡು 40ರಿಂದ ಗುಣಿಸಿದರೆ 126.8 ಗುಂಟೆ ಬರುತ್ತದೆ. ಹತ್ತು ಗುಂಟೆ ಮಾಯ. ನಕ್ಷೆಯಲ್ಲೂ ಹಾಗೆಯೇ. 15 ಡಿಗ್ರಿ 30 ನಿಮಿಷ ಎಂದರೆ 15.5. ಅದನ್ನು 15.30 ಎಂದು ತುಂಬಿದರೆ ಊರು ಸುಮಾರು 22 ಕಿಲೋಮೀಟರ್ ತೆಂಕಣಕ್ಕೆ ಹೋಗುತ್ತದೆ.

ಸಂಖ್ಯೆಗೂ ಮಿತಿ ಇದೆ

ನಾವು ಡಿಜಿಪಿನ್ ವಿರೋಧಿಗಳಲ್ಲ. ‘ಹನುಮಪ್ಪನ ಗುಡಿ ಹಿಂದೆ, ಬೇವಿನ ಗಿಡದ ಎಡಕ್ಕೆ’ ಎಂಬ ವಿಳಾಸ ಹಗಲಲ್ಲಿ ಗೊತ್ತಿರುವವರಿಗೆ ಸರಿ. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದಾಗ, ಪಕ್ಕದ ತಾಲ್ಲೂಕಿನಿಂದ ಬರುವ ಡ್ರೈವರಿಗೆ ಗುಡಿಯೂ ಕಾಣುವುದಿಲ್ಲ, ಗಿಡವೂ ಕಾಣುವುದಿಲ್ಲ. ತೋಟದ ಮನೆಗಳಿಗಂತೂ ಬಾಗಿಲ ಸಂಖ್ಯೆಯೇ ಇರುವುದಿಲ್ಲ. ಅಂಥವರಿಗೆ ಈ ಹತ್ತು ಗುರುತು ದೊಡ್ಡ ಆಸರೆಯಾಗಬಹುದು. ಲೆಕ್ಕದ ವಿಧಾನವನ್ನು ಇಲಾಖೆ ಮುಚ್ಚಿಟ್ಟಿಲ್ಲ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿದೆ. ಅಕ್ಷಾಂಶ ರೇಖಾಂಶ ಕೈಯಲ್ಲಿದ್ದರೆ ನೆಟ್‌ವರ್ಕ್ ಇಲ್ಲದೆಯೂ ಲೆಕ್ಕ ಹಾಕಬಹುದು. ಇದನ್ನು ನಾವು ಮೆಚ್ಚುತ್ತೇವೆ.

ಆದರೆ ನಾಲ್ಕು ವಿಷಯ ತಿಳಿದಿರಲಿ.

ಒಂದು, ಫೋನಿನ ಜಿಪಿಎಸ್ ಬಯಲಿನಲ್ಲಿ ನಿಂತರೂ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಕೊನೆಯ ಚೌಕ ಅದಕ್ಕಿಂತ ಚಿಕ್ಕದು. ಬೆಳಿಗ್ಗೆ ತೆಗೆದ ಕೊನೆಯ ಗುರುತು ಸಂಜೆಗೆ ಬದಲಾದರೆ ಗಾಬರಿ ಬೇಡ. ಮಾಡಿನ ಕೆಳಗೆ ತೆಗೆಯಬೇಡಿ, ಅಂಗಳಕ್ಕೆ ಬಂದು ತೆಗೆಯಿರಿ.

ಎರಡು, ಒಂದು ಮನೆಗೆ ಒಂದೇ ಗುರುತು ಎಂದೇನಿಲ್ಲ. ಸಾಧಾರಣ ಮನೆಯೊಂದು ಹಲವು ಚೌಕಗಳ ಮೇಲೆ ಕೂತಿರುತ್ತದೆ. ಮುಂಬಾಗಿಲು ಇರುವ ಚೌಕವನ್ನೇ ನಮ್ಮದು ಎಂದು ಮನೆಯವರು ನಿಶ್ಚಯಿಸಿಕೊಳ್ಳಬೇಕು.

ಮೂರು, ಮೊದಲ ಗುರುತುಗಳು ಒಂದೇ ಆದರೆ ಅಷ್ಟು ಹತ್ತಿರ ಎನ್ನುವುದು ನಿಜ. ಆರು ಗುರುತು ಒಂದೇ ಆದರೆ ಸುಮಾರು ಒಂದು ಕಿಲೋಮೀಟರ್ ಚೌಕದೊಳಗೆ, ಎಂಟಾದರೆ ಸುಮಾರು 60 ಮೀಟರ್ ಚೌಕದೊಳಗೆ. ಬೇರೆ ಬೇರೆ ಆದರೆ ದೂರ ಎನ್ನುವುದು ಮಾತ್ರ ಸುಳ್ಳು. ಗೆರೆಯ ಆಚೆ ಈಚೆ ಇರುವ ಎರಡು ಮನೆಗಳಿಗೆ ಎರಡನೇ ಗುರುತೇ ಬೇರೆಯಾಗಬಹುದು. ಗುಬ್ಬಿ 4ಎಂ, ಪಕ್ಕದ ತುಮಕೂರು 4ಪಿ. ಘಟ್ಟದ ಕೆಳಗಿನ ಮಂಗಳೂರು ಮತ್ತು ಮೈಸೂರು ಒಂದೇ 4ಎಂ.

ನಾಲ್ಕು, ಫೋನಿನಲ್ಲಿ ಹೇಳುವಾಗ ಪಿ, ಟಿ ಒಂದೇ ಥರ ಕೇಳುತ್ತವೆ. ಜೆ, ಕೆ ಕೂಡ. ಪಿ ಪಕ್ಕದಲ್ಲೇ ಟಿ ಇದೆ, ಜೆ ಕೆಳಗೇ ಕೆ ಇದೆ. ಕೊನೆಯ ಗುರುತು ತಪ್ಪಿ ಕೇಳಿದರೆ ನಾಲ್ಕು ಮೀಟರ್ ಸರಿಯುತ್ತದೆ. ಮೂರನೆಯದು ತಪ್ಪಿದರೆ 60 ಕಿಲೋಮೀಟರ್. ದುಡ್ಡಿನ ಲೆಕ್ಕದಲ್ಲಿ ಪೈಸೆ ತಪ್ಪುವುದಕ್ಕೂ ಸಾವಿರ ತಪ್ಪುವುದಕ್ಕೂ ಇರುವಷ್ಟೇ ವ್ಯತ್ಯಾಸ. ಎಡಗಡೆಯದನ್ನು ಎರಡು ಸಲ ಹೇಳಿ.

ಇನ್ನೊಂದು ಮಾತು. ಡಿಜಿಪಿನ್ ಜಾಗದ ಗುರುತು ಮಾತ್ರ. ಆ ಜಾಗ ಯಾರದು ಎಂದು ಅದು ಹೇಳುವುದಿಲ್ಲ. ಇದನ್ನು ತೋರಿಸಿ ಹಕ್ಕುಪತ್ರ ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರು ಬಂದರೆ ಕೊಡಬೇಡಿ.

ನಾವು ಕೇಳುವುದು ಇಷ್ಟೇ

ಚೌಕದ ಲೆಕ್ಕ ಹಾಕುವ ಯಾವುದೇ ಕಚೇರಿ ಪಟ್ಟಿಯ ತಲೆಯಲ್ಲಿ ಮೂರು ಸಾಲು ಬರೆಯಲಿ: ಎಣಿಕೆ ಯಾವ ಮೂಲೆಯಿಂದ, ಸೊನ್ನೆಯಿಂದಲೋ ಒಂದರಿಂದಲೋ, ಯಾವ ದಿಕ್ಕಿಗೆ. ಈ ಮೂರು ಸಾಲು ಇದ್ದಿದ್ದರೆ ಅಜ್ಜಿಯ ಮನೆ ನೀರಿಗೆ ಹೋಗುತ್ತಿರಲಿಲ್ಲ. ಇದಕ್ಕೆ ಹಣ ಬೇಡ, ಸುತ್ತೋಲೆಯೂ ಬೇಡ.

ಪಟ್ಟಿ ಹೊರಡುವ ಮೊದಲು ತಿರುವು ಲೆಕ್ಕ ಹಾಕಲಿ. ಜಾಗದಿಂದ ಚೌಕ ಬಂದಮೇಲೆ, ಆ ಚೌಕದಿಂದ ಮತ್ತೆ ಜಾಗಕ್ಕೆ ಬಂದು ನೋಡಬೇಕು. ಇದರಲ್ಲೂ ಒಂದು ಎಚ್ಚರ ಬೇಕು. ಹೋಗುವಾಗ ಮಾಡಿದ ತಪ್ಪನ್ನೇ ಬರುವಾಗಲೂ ಮಾಡಿದರೆ ಎರಡೂ ಸೇರಿ ಸರಿ ಎಂದು ತೋರಿಸುತ್ತವೆ. ಆದ್ದರಿಂದ ಎಲ್ಲರಿಗೂ ಗೊತ್ತಿರುವ ನಾಲ್ಕು ಜಾಗ, ಅಂದರೆ ಶಾಲೆ, ಪಂಚಾಯಿತಿ ಕಟ್ಟಡ, ನೀರಿನ ಟ್ಯಾಂಕ್, ಊರ ಅಂಚಿನ ಒಂದು ಮನೆ, ಮೊದಲು ಮುದ್ರಿಸಿದ ನಕ್ಷೆಯಲ್ಲಿ ಕೈಯಿಂದ ಗುರುತು ಹಾಕಿ ತಾಳೆ ನೋಡಲಿ. ಅಂಚಿನ ಮನೆಯನ್ನು ಬಿಡಬಾರದು. ನಡುವಿನ ಮನೆ ತಪ್ಪನ್ನು ಮುಚ್ಚುತ್ತದೆ, ಅಂಚಿನದು ತೋರಿಸುತ್ತದೆ.

ಚೌಕದ ಸಂಖ್ಯೆ ಒಂದನ್ನೇ ನೋಡಿ ‘ಮನೆ ಇಲ್ಲ’, ‘ಬೆಳೆ ಇಲ್ಲ’ ಎಂದು ಯಾರ ಅರ್ಜಿಯನ್ನೂ ತಳ್ಳಿಹಾಕಬಾರದು. ಇಲ್ಲ ಎಂದು ಬರೆಯುವ ಮೊದಲು ಒಬ್ಬರು ಹೋಗಿ ಬಾಗಿಲು ಬಡಿಯಲಿ. ಸಿಬ್ಬಂದಿ ಕಡಿಮೆ, ಎಲ್ಲ ಮನೆಗೂ ಹೋಗಲು ಆಗುವುದಿಲ್ಲ ಎನ್ನುತ್ತಾರೆ. ಒಪ್ಪುತ್ತೇವೆ. ಎಲ್ಲ ಮನೆಗೂ ಬೇಡ, ತಿರಸ್ಕಾರ ಆಗುವ ಮನೆಗೆ ಮಾತ್ರ ಹೋಗಿ. ಆ ಊರಿನಲ್ಲಿ ಅಂಥವು ಏಳೆಂಟು ಇದ್ದವು, ಒಂದು ಗಂಟೆಯ ಕೆಲಸ.

ಕೊನೆಯದು ಶಾಲೆಗಳಿಗೆ. ಭಾಗಾಕಾರದ ಶೇಷವನ್ನು ಮಕ್ಕಳಿಗೆ ಮಾವಿನಹಣ್ಣು ಹಂಚುವ ಲೆಕ್ಕದಲ್ಲೇ ನಿಲ್ಲಿಸಬೇಡಿ. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ನಾಲ್ಕು ನಾಲ್ಕು ಚೌಕ ಎಳೆದು, ಒಂದು ಚೌಕದೊಳಗೆ ಮತ್ತೆ ನಾಲ್ಕು ನಾಲ್ಕು ಎಳೆದು ಮಕ್ಕಳನ್ನು ನಿಲ್ಲಿಸಿ ಸಂಖ್ಯೆ ಹೇಳಿಸಿ. ಒಂದು ಸಲ ಉತ್ತರದಿಂದ, ಒಂದು ಸಲ ದಕ್ಷಿಣದಿಂದ ಎಣಿಸಲಿ. ಸಂಖ್ಯೆ ಬದಲಾದಾಗ ಅವರೇ ಕೂಗುತ್ತಾರೆ. ಪೈಥಾನ್ ಆಮೇಲೆ ಕಲಿತರಾಯಿತು.

ಮೊನ್ನೆ ಆ ಕಡೆ ಹೋದಾಗ ಅಜ್ಜಿಯ ಮನೆಗೂ ಹೋಗಿದ್ದೆವು. ಆ ಹುಡುಗ ಅವರ ಹೊಸ ಗೋಡೆಯ ಮೇಲೆ ಡಿಜಿಪಿನ್ನಿನ ಹತ್ತು ಗುರುತುಗಳನ್ನು ಸುಣ್ಣದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದಾನೆ. ಅಜ್ಜಿಗೆ ಓದಲು ಬರುವುದಿಲ್ಲ. "ಏನಂತ ಬರದೈತಿ ಯವ್ವಾ?" ಎಂದು ಕೇಳಿದೆವು.

"ಈ ಮನಿ ಕೆರ್ಯಾಗಿಲ್ಲ ಅಂತ ಬರದೈತಿ" ಅಂದರು.